ಫ್ಯಾಕ್ಸ್ ಅಳಿಸಲು ಮೂರು ಸಹಿ

ಯಾರೂ ಹೇಳದ ಕೆಲಸವನ್ನು ಯಂತ್ರ ಮಾಡಿ ಮುಗಿಸುವುದು, ಯಾಕೆ ಮಾಡಿತು ಎಂದು ಎಲ್ಲರೂ ನನ್ನನ್ನು ಕೇಳುವುದು, ಇದು ನನ್ನ ವೃತ್ತಿಯಲ್ಲಿ ತಿಂಗಳಿಗೊಮ್ಮೆಯಾದರೂ ನಡೆಯುತ್ತಲೇ ಬಂದಿದೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮೆಟ್ಟಿಲು ಹತ್ತಿ ಬರಬೇಕಾದ ಒಂದು ಕೋಣೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು ನಾನು. ಸುಸ್ತು ನನಗೆ ಕಾಯಿಲೆಯಲ್ಲ, ಕಸುಬಿನ ಜೊತೆಗೇ ಬಂದದ್ದು. ಅದರಲ್ಲಿ ಅರ್ಧಪಾಲನ್ನು ಕೊಟ್ಟದ್ದು ಭದ್ರಾವತಿಯ ಒಂದು ಎರಕದ ಕಾರ್ಖಾನೆಯ ಆಫೀಸು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಆ ಕಾರ್ಖಾನೆಯ ಹೆಡ್ಡಾಫೀಸು ಬೆಂಗಳೂರಿನಲ್ಲಿ. ಎರಡೂ ಕಡೆಯವರ ನಡುವೆ ಮಾತುಕತೆ, ಜಗಳ, ರಾಜಿ ಎಲ್ಲ ಫ್ಯಾಕ್ಸಿನಲ್ಲೇ. ಹಳೇ ಫ್ಯಾಕ್ಸ್ ಮೆಷಿನ್ ಕಾಗದ ಜಗಿಯತೊಡಗಿದಾಗ ನಾನು ಒಂದು ಹಳೇ ಪೆಂಟಿಯಂ ಕಂಪ್ಯೂಟರಿಗೆ ಮೋಡೆಮ್ ಜೋಡಿಸಿ, ಲಿನಕ್ಸ್ ಹಾಕಿ, ಫ್ಯಾಕ್ಸ್ ಸರ್ವರ್ ಮಾಡಿಕೊಟ್ಟೆ. ಬಂದ ಫ್ಯಾಕ್ಸೆಲ್ಲ ಚಿತ್ರದ ಹಾಗೆ ಅದರ ಹೊಟ್ಟೆಯೊಳಗೆ ಕೂರುತ್ತಿದ್ದವು. ಪರದೆಯ ಮೇಲೆ ಓದಬಹುದು, ಬೇಕಾದರೆ ಪ್ರಿಂಟ್ ತೆಗೆಯಬಹುದು.

ಆಫೀಸಿನಲ್ಲಿ ನನಗೆ ಸಂಬಂಧಪಟ್ಟವರು ಮೂವರು. ಒಬ್ಬರು ಮ್ಯಾನೇಜರು. ಒಬ್ಬರು ಟೈಪಿಸ್ಟ್ ಮೇಡಂ, ಕಡಿಮೆ ಮಾತು, ಆಡಿದ್ದು ನಾಟುವ ಹಾಗೆ. ಮೂರನೆಯವರು ಟಪಾಲು ಗುಮಾಸ್ತರು. ಬಂದ ಪ್ರತಿ ಕಾಗದಕ್ಕೂ ನಂಬರು ಹಾಕಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುವ ಕೆಲಸ ಅವರದು. ಫೆಬ್ರುವರಿ ಕೊನೆಗೆ ನಿವೃತ್ತಿ. ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ನೋಡಿ ಮಾರಾಯ್ರೇ, ಮೂವತ್ತೊಂದು ವರ್ಷ ಸರ್ವಿಸು. ತಪ್ಪು ಮಾಡಿದೆ ಅಂತ ಒಂದೇ ಒಂದು ಮೆಮೊ ತಗೊಂಡಿಲ್ಲ ನಾನು. ನಿಮ್ಮ ಈ ಡಬ್ಬದಿಂದ ಹೋಗೋ ಕಾಲಕ್ಕೆ ಒಂದು ಕೊಡಿಸಿಬಿಡಬೇಡಿ."

ಕೊಡಿಸಲ್ಲ ಎಂದು ಮಾತು ಕೊಟ್ಟೆ. ಆ ಕಾಲದಲ್ಲಿ ನಾನು ಮಾತು ಕೊಡುವುದರಲ್ಲಿ ಧಾರಾಳಿ.

ಜೆರಾಕ್ಸು

ಹಳೇ ಫ್ಯಾಕ್ಸ್ ಮೆಷಿನ್ನಿನ ಕಾಗದ ನಿಮಗೆ ನೆನಪಿರಬಹುದು, ನುಣುಪಾಗಿ ಸುರುಳಿ ಸುತ್ತಿಕೊಂಡಿರುತ್ತಿತ್ತು. ನಾಲ್ಕು ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಹಾಳೆಯಾಗುತ್ತಿತ್ತು. ಅದಕ್ಕೇ ಆ ಆಫೀಸಿನಲ್ಲಿ ಫ್ಯಾಕ್ಸ್ ಬಂದ ದಿನವೇ ಜೆರಾಕ್ಸ್ ಮಾಡಿ, ಜೆರಾಕ್ಸನ್ನು ಫೈಲಿಗೆ ಹಾಕಿ, ಅಸಲನ್ನು ಬಿಸಾಡುವುದು ನಿಯಮ.

ಸರ್ವರ್ ಬಂದ ಎರಡನೇ ವಾರ ಹೋಗಿ ನೋಡಿದರೆ ಗುಮಾಸ್ತರು ಲೇಸರ್ ಪ್ರಿಂಟರಿನಿಂದ ಫ್ಯಾಕ್ಸಿನ ಪ್ರಿಂಟ್ ತೆಗೆದು, ಅದನ್ನು ಜೆರಾಕ್ಸ್ ಮಾಡಿ, ಥಳಥಳ ಹೊಳೆಯುವ ಪ್ರಿಂಟನ್ನು ಹರಿದು ಬುಟ್ಟಿಗೆ ಹಾಕಿ, ಮಸುಕಾದ ಜೆರಾಕ್ಸನ್ನು ಫೈಲಿಗೆ ಸೇರಿಸುತ್ತಿದ್ದರು.

"ಯಾಕೆ ಸಾರ್ ಒಳ್ಳೇದನ್ನ ಹರೀತೀರಿ?" ಎಂದೆ.

"ಅದು ಮಾಸುತ್ತೆ."

"ಇದು ಮಾಸಲ್ಲ ಸಾರ್. ಲೇಸರ್ ಪ್ರಿಂಟು."

"ಫ್ಯಾಕ್ಸ್ ಅಂದ್ಮೇಲೆ ಮಾಸುತ್ತೆ," ಎಂದು ಅವರು ಇನ್ನೊಂದನ್ನು ಹರಿದರು.

ಒಂದು ಗಂಟೆ ಕೂತು ವಿವರಿಸಿದೆ. ಪ್ರಿಂಟೂ ಬೇಡ, ಜೆರಾಕ್ಸೂ ಬೇಡ, ಎಲ್ಲ ಯಂತ್ರದೊಳಗೇ ಭದ್ರವಾಗಿರುತ್ತೆ, ಅಲ್ಲಿಂದ ಒಂದು ಕಾಗದವೂ ಎಲ್ಲಿಗೂ ಹೋಗಲ್ಲ ಎಂದೆ. ನನ್ನ ಬಾಯಿ ಸುಮ್ಮನಿರಬೇಕಿತ್ತು. ಅವರು ದೇವರ ಮೇಲೆ ಭಾರ ಹಾಕಿದವರ ಹಾಗೆ ಜೆರಾಕ್ಸ್ ಮೆಷಿನ್ನಿನ ಸ್ವಿಚ್ಚು ಆರಿಸಿದರು. ಮೇಡಂ ಟೈಪು ಮಾಡುತ್ತಲೇ ಹೇಳಿದರು: "ದಿನಾಂಕ ಬರ್ಕೊಳ್ಳಿ ಸಾರ್. ಆಮೇಲೆ ಬೇಕಾಗುತ್ತೆ."

ಮೂವತ್ತೊಂದನೇ ದಿನ

ಬೇಕಾಯಿತು. ಮುಂದಿನ ತಿಂಗಳು ಒಂದು ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲೇ ಫೋನ್ ಹೊಡೆದುಕೊಳ್ಳುತ್ತಿತ್ತು. ಗುಮಾಸ್ತರ ದನಿ ಸಣ್ಣಗಾಗಿತ್ತು. "ಮಾರಾಯ್ರೇ, ಮೊನ್ನೆ ಏಳು ಕಾಗದ ಇರಲಿಲ್ಲ. ನಿನ್ನೆ ಇನ್ನೊಂಬತ್ತು ಇಲ್ಲ. ದಿನಾ ಕರಗ್ತಾ ಇದೆ. ಬೇಗ ಬನ್ನಿ."

ಬಸ್ಸು ಹತ್ತಿದೆ. ಹೋಗಿ ನೋಡುವಷ್ಟರಲ್ಲಿ, ಅವರು ಗಮನಿಸದ ಹಿಂದಿನವೂ ಸೇರಿ, ಜೆರಾಕ್ಸ್ ಇಲ್ಲದವೇ ಒಟ್ಟು ಐವತ್ತಮೂರು ಹೋಗಿದ್ದವು.

ವಿಷಯ ಇಷ್ಟೇ. ಲಿನಕ್ಸಿನೊಳಗೆ ಒಂದು ವೇಳಾಪಟ್ಟಿ ಇರುತ್ತದೆ. ಇಷ್ಟು ಗಂಟೆಗೆ ಈ ಕೆಲಸ ಮಾಡು ಎಂದು ಅದರಲ್ಲಿ ಬರೆದಿದ್ದರೆ ಯಂತ್ರ ತಪ್ಪದೆ ಮಾಡುತ್ತದೆ. ಫ್ಯಾಕ್ಸ್ ತಂತ್ರಾಂಶ ಹಾಕಿದಾಗ ಅದು ತಾನೇ ಅಲ್ಲಿ ಒಂದು ಸಾಲು ಬರೆದುಕೊಂಡಿತ್ತು: ಪ್ರತಿದಿನ ಬೆಳಗ್ಗೆ ಏಳಕ್ಕೆ, ಮೂವತ್ತು ದಿನಕ್ಕಿಂತ ಹಳೆಯ ಫ್ಯಾಕ್ಸನ್ನೆಲ್ಲ ಅಳಿಸು. ನಾನದನ್ನು ನೋಡಿರಲಿಲ್ಲ. ಕೈಪಿಡಿಯಲ್ಲಿ ಇತ್ತು. ಕೈಪಿಡಿಯನ್ನು ಓದಿದ್ದರೆ ನಾನು ರಿಪೇರಿಯವನು ಯಾಕಾಗುತ್ತಿದ್ದೆ?

ಇದನ್ನೇ ಮ್ಯಾನೇಜರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಯಾರ ಸಹಿ ಇದೆ ಅದಕ್ಕೆ?"

ಆ ಆಫೀಸಿನಲ್ಲಿ ಒಂದು ಹಳೇ ಕಾಗದ ಹರಿಯಬೇಕಾದರೆ ಮೂರು ಜನರ ಸಮಿತಿ ಕೂರಬೇಕು: ಮ್ಯಾನೇಜರು, ಟಪಾಲು ಗುಮಾಸ್ತರು, ಸ್ಟೋರ್ಸ್ ಅಧಿಕಾರಿ. ಮೂವರೂ ಪಟ್ಟಿಗೆ ಸಹಿ ಹಾಕಿ, ಮೂವರ ಕಣ್ಣೆದುರೇ ಹರಿಯಬೇಕು. ಅಂಥಾದ್ದರಲ್ಲಿ ಒಂದು ಯಂತ್ರ ಬೆಳಗಾಗುತ್ತಲೇ ಒಬ್ಬಂಟಿಯಾಗಿ ಕಾಗದ ನಾಶ ಮಾಡುತ್ತಿದೆ ಎಂದರೆ!

"ಈಗ ಯಾರಿಗೆ ಮೆಮೊ ಕೊಡಲಿ ನಾನು? ಯಂತ್ರಕ್ಕೆ ಕೊಡೋಕಾಗುತ್ತೇನ್ರೀ? ಟಪಾಲು ಯಾರ ವಶದಲ್ಲಿದೆಯೋ ಅವರಿಗೇ ಕೊಡಬೇಕು."

ಗುಮಾಸ್ತರ ಮುಖ ನೋಡಲಾಗಲಿಲ್ಲ. ತಪ್ಪೆಲ್ಲ ನನ್ನದು ಎಂದು ಒಂದು ಮುಚ್ಚಳಿಕೆ ಬರೆದುಕೊಟ್ಟೆ. ಇನ್ನು ಮುಂದೆ ಸಮಿತಿಯ ಮೂರು ಸಹಿ ಇಲ್ಲದೆ ಯಂತ್ರದಿಂದ ಏನನ್ನೂ ಅಳಿಸುವುದಿಲ್ಲ, ಅಳಿಸಗೊಡುವುದೂ ಇಲ್ಲ ಎಂದು ಅದರಲ್ಲೇ ಬರೆಸಿಕೊಂಡರು. ಮೆಮೊ ತಪ್ಪಿತು.

ಹೋದ ಕಾಗದ ವಾಪಸು ಬರಬೇಕಲ್ಲ. ಗುಮಾಸ್ತರು ರಿಜಿಸ್ಟರ್ ನೋಡಿಕೊಂಡು ಕಳಿಸಿದವರಿಗೆಲ್ಲ ಫೋನ್ ಮಾಡಿದರು: "ದಯವಿಟ್ಟು ನಿಮ್ಮ ಪತ್ರ ಇನ್ನೊಮ್ಮೆ ಕಳಿಸ್ತೀರಾ?" ಅದರಲ್ಲಿ ಹೆಚ್ಚಿನವು ಎರಕ ಬಿರುಕು ಬಿಟ್ಟಿದೆ, ಅಳತೆ ತಪ್ಪಿದೆ ಎನ್ನುವ ಗಿರಾಕಿಗಳ ದೂರುಗಳು. ಮೂವತ್ತು ದಿನ ಉತ್ತರವಿಲ್ಲದೆ ಕಾದವರಿಗೆ, ಆ ದೂರನ್ನು ಇನ್ನೊಮ್ಮೆ ಹೇಳಿ ಎಂದರೆ ಹೇಗಿರಬೇಡ! ಉತ್ಸಾಹದಿಂದ ಕಳಿಸಿದರು. ಹೋದದ್ದು ಐವತ್ತಮೂರು, ಬಂದದ್ದು ಅರವತ್ತೊಂದು.

ಮ್ಯಾನೇಜರು ಹೊಸ ಎಂಟನ್ನೂ ಓದಿ ಮುಗಿಸಿ ನಿಟ್ಟುಸಿರುಬಿಟ್ಟರು. "ಯಂತ್ರಕ್ಕೆ ನಮ್ಮೆಲ್ಲರಿಗಿಂತ ಬುದ್ಧಿ ಇತ್ತು ಕಣ್ರೀ."

ಅಡ್ಡಗೆರೆ

ಆ ಸಾಲನ್ನು ತೆಗೆಯಲು ನಾನು ಕೂತೆ. ಗುಮಾಸ್ತರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಏನ್ ಮಾಡ್ತೀರಿ?"

"ಈ ಸಾಲು ಅಳಿಸ್ತೀನಿ."

"ಛೆ ಛೆ ಛೆ," ಎಂದು ನನ್ನ ಕೈ ಹಿಡಿದೇಬಿಟ್ಟರು. "ಬರೆದದ್ದನ್ನ ಅಳಿಸೋ ಹಾಗಿಲ್ಲ. ಒಂದು ಅಡ್ಡಗೆರೆ ಎಳೀಬೇಕು, ಕೆಳಗಿರೋದು ಓದೋ ಹಾಗಿರಬೇಕು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ರಿಜಿಸ್ಟರಲ್ಲಿ ಹಾಗೇ ಮಾಡೋದು."

ಆಶ್ಚರ್ಯವೆಂದರೆ ಲಿನಕ್ಸಿನಲ್ಲೂ ಹಾಗೇ ಮಾಡುವುದು. ಸಾಲಿನ ಮುಂದೆ ಒಂದು ಚಿಹ್ನೆ ಹಾಕಿದರೆ ಸಾಲು ಅಲ್ಲೇ ಇರುತ್ತದೆ, ಯಂತ್ರ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಕಿ ತೋರಿಸಿದೆ. ಅವರ ಮುಖ ಅರಳಿತು. ಆ ಯಂತ್ರದ ಬಗ್ಗೆ ಅವರಿಗೆ ಮೊದಲ ಬಾರಿ ಗೌರವ ಬಂದದ್ದು ಆಗಲೇ.

"ಇದನ್ನ ಬರೆದೋನು ಯಾವನೋ ಆಫೀಸಲ್ಲಿ ಕೆಲಸ ಮಾಡಿದೋನೇ ಇರ್ಬೇಕು. ಪಕ್ಕದಲ್ಲಿ ನನ್ನ ಇನಿಶಿಯಲ್ ಹಾಕಿ. ದಿನಾಂಕ ಹಾಕಿ. 'ಮಾನ್ಯ ವ್ಯವಸ್ಥಾಪಕರ ಮೌಖಿಕ ಆದೇಶದ ಮೇರೆಗೆ' ಅಂತ ಹಾಕಿ."

ಹಾಕಿದೆ. ಮ್ಯಾನೇಜರು ಬಂದು ನೋಡಿ, ತಮ್ಮ ಇನಿಶಿಯಲ್ಲೂ ಬೇಕೆಂದರು. ಸ್ಟೋರ್ಸ್ ಅಧಿಕಾರಿಯನ್ನೂ ಕರೆಸಿದರು. ಒಂದು ಸಾಲಿನ ಕೆಲಸ ನಿಲ್ಲಿಸಲು ಒಂಬತ್ತು ಸಾಲು ಬರೆದೆ. ಕೊನೆಗೆ ಗುಮಾಸ್ತರು ಒಂದು ಹಾಳೆಯಲ್ಲಿ "ಈ ಯಂತ್ರವು ಸ್ವಇಚ್ಛೆಯಿಂದ ಯಾವುದೇ ಕಾಗದವನ್ನು ನಾಶಪಡಿಸತಕ್ಕದ್ದಲ್ಲ" ಎಂದು ಟೈಪು ಮಾಡಿಸಿ, ಆಫೀಸಿನ ಮೊಹರು ಒತ್ತಿ, ಮಾನಿಟರಿನ ನೆತ್ತಿಗೆ ಅಂಟಿಸಿದರು.

"ಯಂತ್ರಕ್ಕೆ ಓದೋಕೆ ಬರುತ್ತಾ ಸಾರ್?" ಎಂದು ನಾನು ನಕ್ಕೆ.

ಮೇಡಂ ತಲೆಯೆತ್ತಲಿಲ್ಲ. "ಕೈಪಿಡಿ ನೀವು ಓದಿದ್ರಾ?"

ಇನ್ನೊಬ್ಬ

ಹತ್ತು ದಿನ ನೆಮ್ಮದಿ. ಆಮೇಲೆ ಮತ್ತೆ ಫೋನು. ಬಂದ ಫ್ಯಾಕ್ಸೆಲ್ಲ ಸರಿಯಾಗಿವೆ, ಅಷ್ಟು ದಿನ ಯಾರೂ ತೆರೆದು ನೋಡದಿದ್ದ, ಕಳಿಸಿದ ಫ್ಯಾಕ್ಸುಗಳ ದಾಖಲೆ ಮಾಯ!

ನೋಡಿದರೆ ವೇಳಾಪಟ್ಟಿಯಲ್ಲಿ ಇನ್ನೊಂದು ಕೆಲಸ ಬೇರೆ ಜಾಗದಲ್ಲಿ ಬರೆದಿತ್ತು. ಮೊದಲನೆಯದು ಬಂದದ್ದನ್ನು ಅಳಿಸುವವನು, ಇವನು ಕಳಿಸಿದ್ದನ್ನು ಅಳಿಸುವವನು. ಇವನಂತೂ ಗಂಟೆಗೊಮ್ಮೆ ಬಂದು ಗುಡಿಸಿಕೊಂಡು ಹೋಗುತ್ತಿದ್ದ.

ಗುಮಾಸ್ತರು ನನ್ನನ್ನು ಕರುಣೆಯಿಂದ ನೋಡಿದರು. "ಒಬ್ಬನ್ನ ಸಸ್ಪೆಂಡ್ ಮಾಡಿ ಅವನ ತಮ್ಮನ್ನ ಡ್ಯೂಟಿಗೆ ಬಿಟ್ಟಿದ್ದೀರಲ್ಲ ಮಾರಾಯ್ರೇ."

ಅವನನ್ನೂ ನಿಲ್ಲಿಸಿದೆ, ಇನ್ನೊಂಬತ್ತು ಸಾಲು ಬರೆದು. ಮ್ಯಾನೇಜರಿಗೆ ನನ್ನ ಮೇಲಿದ್ದ ನಂಬಿಕೆ ಅಲ್ಲಿಗೆ ಮುಗಿಯಿತು. ಯಂತ್ರದ ಮುಖ್ಯ ಪಾಸ್‌ವರ್ಡ್ ಬದಲಿಸಲು ಹೇಳಿದರು. ಮೊದಲರ್ಧ ನಾನು ಒತ್ತಿದೆ, ಮೇಡಂ ನೋಡಲಿಲ್ಲ. ಉಳಿದರ್ಧ ಮೇಡಂ ಒತ್ತಿದರು, ನಾನು ಗೋಡೆ ನೋಡಿದೆ. ಇಬ್ಬರೂ ನಮ್ಮ ನಮ್ಮ ಅರ್ಧವನ್ನು ಚೀಟಿಯಲ್ಲಿ ಬರೆದು ಒಂದೇ ಲಕೋಟೆಗೆ ಹಾಕಿದೆವು. ಅದಕ್ಕೆ ಅರಗು ಹಚ್ಚಿ, ಗುಮಾಸ್ತರ ಅಲ್ಮೇರಾದಲ್ಲಿಟ್ಟರು. ಬ್ಯಾಂಕಿನವರೂ ಅಷ್ಟು ಜೋಪಾನ ಮಾಡುತ್ತಿದ್ದರೋ ಇಲ್ಲವೋ.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ನನಗೆ ಒಂದೇ ಸಮಾಧಾನ: ಇನ್ನು ಈ ಯಂತ್ರದಿಂದ ಏನೂ ಅಳಿಯುವುದಿಲ್ಲ. ಏನೂ ಅಳಿಯದಿದ್ದರೆ ಮುಂದೇನಾಗುತ್ತದೆ ಎಂದು ಯೋಚಿಸಲು ನನಗೆ ಆ ಹೊತ್ತಿನಲ್ಲಿ ತ್ರಾಣವಿರಲಿಲ್ಲ.

ಬೀಳ್ಕೊಡುಗೆ

ಫೆಬ್ರುವರಿಯ ಕೊನೆಯ ದಿನ. ಗುಮಾಸ್ತರ ಬೀಳ್ಕೊಡುಗೆಗೆ ನನ್ನನ್ನೂ ಕರೆದಿದ್ದರು, ನಾಲ್ಕು ಗಂಟೆಗೆ. ಒಂದು ಗಂಟೆಗೇ ಮೇಡಂ ಫೋನ್ ಮಾಡಿದರು. "ಸಾರ್, ಈಗಲೇ ಹೊರಡಿ. ಫ್ಯಾಕ್ಸು ಫೋನ್ ಎತ್ತುತ್ತೆ, ಶಿಳ್ಳೆ ಹಾಕುತ್ತೆ, ಕಾಗದ ಮಾತ್ರ ತಗೊಳ್ತಿಲ್ಲ."

ಹೋದೆ. ಊಟದ ಹಾಲಿನಲ್ಲಿ ಕುರ್ಚಿ ಜೋಡಿಸಿತ್ತು. ಹಾರ, ಶಾಲು, ಹಣ್ಣಿನ ಬುಟ್ಟಿ, ತಟ್ಟೆ ತಟ್ಟೆಯಲ್ಲಿ ಮೈಸೂರುಪಾಕು, ಖಾರಾಬೂಂದಿ. ಗುಮಾಸ್ತರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಸರ್ವರ್ ಮುಂದೆ ನಿಂತಿದ್ದರು. ಅವರನ್ನು ಸೇವೆಯಿಂದ ಬಿಡುಗಡೆ ಮಾಡುವ ಆದೇಶ ಹೆಡ್ಡಾಫೀಸಿನಿಂದ ಫ್ಯಾಕ್ಸಿನಲ್ಲಿ ಬರಬೇಕು. ಹೆಡ್ಡಾಫೀಸಿನವರು ಬೆಳಗ್ಗೆಯಿಂದ ಕಳಿಸುತ್ತಲೇ ಇದ್ದಾರೆ, ಇದು ತೆಗೆದುಕೊಳ್ಳುತ್ತಿಲ್ಲ. ಆದೇಶವಿಲ್ಲದೆ ಬಿಡುಗಡೆ ಮಾಡುವಂತಿಲ್ಲ. ಐದೂವರೆಗೆ ಆಫೀಸು ಮುಚ್ಚುತ್ತದೆ. ಅಷ್ಟರೊಳಗೆ ಬಿಡುಗಡೆಯಾಗದಿದ್ದರೆ ನಿವೃತ್ತಿ ವಯಸ್ಸು ಮೀರಿಯೂ ಕೆಲಸದಲ್ಲಿ ಉಳಿದಂತಾಗುತ್ತದೆ. ಅದು ತಪ್ಪು. ತಪ್ಪಿಗೆ ಮೆಮೊ.

ನೋಡಿದೆ. ಡಿಸ್ಕು ಪೂರ್ತಿ ತುಂಬಿತ್ತು. ಆರು ತಿಂಗಳ ಕಾಗದ ಒಂದೂ ಅಳಿಯದೆ ಕೂತಿದ್ದವು. ಪುಟ್ಟ ಡಿಸ್ಕು, ಇನ್ನೊಂದು ಹಾಳೆಗೆ ಜಾಗವಿಲ್ಲ.

"ಹಳೇದೊಂದಿಷ್ಟು ಅಳಿಸಿದ್ರೆ ಆಯ್ತು ಸಾರ್, ಎರಡು ನಿಮಿಷ," ಎಂದೆ ಮ್ಯಾನೇಜರಿಗೆ.

"ಮೂರು ಸಹಿ?"

"ಹಾಕಿ ಸಾರ್, ಇಲ್ಲೇ ಇದ್ದೀರಲ್ಲ."

"ಸ್ಟೋರ್ಸ್ ಅಧಿಕಾರಿ ಹೊಳೆಹೊನ್ನೂರಿಗೆ ಹೋಗಿದ್ದಾರೆ. ತಂಗಿ ಮಗಳ ನಿಶ್ಚಿತಾರ್ಥ."

"ಅವರ ಬದಲು ಬೇರೆಯವರು?"

"ಬದಲಿ ಸದಸ್ಯರನ್ನ ನೇಮಿಸೋಕೆ ಹೆಡ್ಡಾಫೀಸು ಅನುಮತಿ ಕೊಡಬೇಕು. ಲಿಖಿತವಾಗಿ."

ಮೇಡಂ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಾ, "ಅದು ಬರೋದೂ ಫ್ಯಾಕ್ಸಲ್ಲೇ," ಎಂದರು.

ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ ಫ್ಯಾಕ್ಸ್ ಇದೆ, ಅಲ್ಲಿಗೆ ತರಿಸೋಣ ಎಂದೆ. ಸಂಸ್ಥೆಯ ಆದೇಶ ಬೂತಿಗೆ ಬರತಕ್ಕದ್ದಲ್ಲ ಎಂದರು ಮ್ಯಾನೇಜರು. ಹಳೇ ಕಾಗದವನ್ನು ಫ್ಲಾಪಿಗೆ ನಕಲು ಮಾಡಿ ಆಮೇಲೆ ಇಲ್ಲಿಂದ ತೆಗೆಯೋಣ ಎಂದೆ. "ನಕಲು ಎಷ್ಟು ಬೇಕಾದ್ರೂ ಮಾಡ್ಕೊಳ್ಳಿ. ಅಸಲು ಮುಟ್ಟೋ ಹಾಗಿಲ್ಲ. ನಿಮ್ಮ ಮುಚ್ಚಳಿಕೆ ನನ್ನ ಹತ್ರ ಇದೆ." ಅಷ್ಟು ಹೇಳಿ ಅವರು ಹಾಲಿನ ಕಡೆ ಹೋದರು, ಭಾಷಣದ ಚೀಟಿ ನೋಡಿಕೊಳ್ಳಲು.

ನಾಲ್ಕೂವರೆ. ಹಾಲಿನಲ್ಲಿ ಜನ ಖಾರಾಬೂಂದಿಯ ಕಡೆ ನೋಡುತ್ತಾ ಕೂತಿದ್ದರು. ಹಾರದ ಮಲ್ಲಿಗೆ ಬಾಡುತ್ತಿತ್ತು. ನಾನು ಸುಮ್ಮನೆ ಸ್ಟೂಲಿನ ಮೇಲೆ ಕೂತುಬಿಟ್ಟೆ. ಇಪ್ಪತ್ತು ಮೈಲಿಯೂ ಇಲ್ಲದ ದಾರಿಯಲ್ಲಿ ಆರು ತಿಂಗಳಿಂದ ಓಡಾಡಿ, ಗುಮಾಸ್ತರಿಗೆ ನೆಟ್ಟಗೆ ಮನೆಗೆ ಹೋಗಲೂ ಆಗದ ಹಾಗೆ ಮಾಡಿಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಅದನ್ನೇ ಹೇಳಿದೆ ಕೂಡ. "ತಪ್ಪಾಯ್ತು ಸಾರ್."

ಗುಮಾಸ್ತರು ಅಲ್ಮೇರಾ ತೆಗೆದರು. ಲಕೋಟೆ ತಂದರು. ನಾನೂ ಮೇಡಮ್ಮೂ ನೋಡುತ್ತಿದ್ದ ಹಾಗೆ ಅರಗನ್ನು ಹೆಬ್ಬೆರಳಿನಿಂದ ಚಟಕ್ಕನೆ ಒಡೆದರು.

"ಏನ್ ಮಾಡ್ತಾರೆ? ಮೆಮೊ ಕೊಡ್ತಾರಾ? ಕೊಡೋದಾದ್ರೆ ಐದೂವರೆ ಒಳಗೆ ಕೊಡ್ಬೇಕು. ಹೊಡೀರಿ ಪಾಸ್‌ವರ್ಡು."

ಹೊಡೆದೆ. ನನ್ನ ಜಾಗದಲ್ಲಿ ಅವರೇ ಕೂತರು. ಆದರೆ ಮೂವತ್ತೊಂದು ವರ್ಷದ ಅಭ್ಯಾಸ, ಸುಮ್ಮನೆ ಅಳಿಸುವ ಕೈ ಅಲ್ಲ ಅದು. ಒಂದೊಂದನ್ನೂ ತೆರೆದು, ಓದಿ, ಗಿರಾಕಿಯದ್ದಾದರೆ ಬಿಟ್ಟು, ಬರೀ ಜಾಹೀರಾತಿನವನ್ನು ಮಾತ್ರ ಆರಿಸತೊಡಗಿದರು. ಊಟಿ ಪ್ರವಾಸ, ಮೂರು ದಿನಕ್ಕೆ ರಿಯಾಯಿತಿ. ಬೋಳುತಲೆಗೆ ಎಣ್ಣೆ. ಕನ್ಯಾಕುಮಾರಿಯಲ್ಲಿ ವಿಚಾರ ಸಂಕಿರಣ. ಅವೆಲ್ಲಕ್ಕೂ ಅವರು ಆಗ ಶ್ರದ್ಧೆಯಿಂದ ನಂಬರು ಹಾಕಿದ್ದರು. ಈಗ ಪ್ರತಿಯೊಂದನ್ನೂ ಅಳಿಸುವ ಮೊದಲು ರಿಜಿಸ್ಟರಿನಲ್ಲಿ ಅಡ್ಡಗೆರೆ ಎಳೆದು ಸಹಿ ಮಾಡುತ್ತಿದ್ದರು.

"ಸಾರ್, ಐದು ಗಂಟೆ," ಎಂದರು ಮೇಡಂ.

"ಎಣ್ಣೆಯವನು ನಾಲ್ಕು ಸಲ ಕಳಿಸಿದ್ದಾನೆ ಕಣಮ್ಮ. ಒಂದೇ ನಿಮಿಷ."

ಐದೂ ಹತ್ತಕ್ಕೆ ಸ್ವಲ್ಪ ಜಾಗವಾಯಿತು. ಮೇಡಂ ಹೆಡ್ಡಾಫೀಸಿಗೆ ಫೋನ್ ಮಾಡಿ ಕಳಿಸಿ ಎಂದರು. ಮೋಡೆಮ್ ಫೋನ್ ಎತ್ತಿತು, ಶಿಳ್ಳೆ ಹಾಕಿತು, ಕೀಚಲು ದನಿಯಲ್ಲಿ ಅತ್ತಿತು. ನಾವು ಮೂವರೂ ಪರದೆಯ ಮೇಲೆ ಬಗ್ಗಿದೆವು. ಒಂದು ಕಾಗದ ಬಂತು. ಹಿಂದೆಯೇ ಇನ್ನೊಂದು ಬಂತು.

ಎರಡು ಯಾಕೆ ಎಂದು ನನಗೆ ಅನುಮಾನವಾಯಿತು. ಗುಮಾಸ್ತರು ಎರಡನೆಯದನ್ನು ಮೊದಲು ತೆರೆದರು. ಬಿಡುಗಡೆಯ ಆದೇಶ. "ಮೂವತ್ತೊಂದು ವರ್ಷಗಳ ಕಳಂಕರಹಿತ ಸೇವೆಯನ್ನು ಸಂಸ್ಥೆಯು ಕೃತಜ್ಞತೆಯಿಂದ ಸ್ಮರಿಸುತ್ತದೆ" ಎಂದಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮೇಡಂ ಕಣ್ಣೂ ಒದ್ದೆಯಾಯಿತು.

ಆಮೇಲೆ ಮೊದಲನೆಯದನ್ನು ತೆರೆದರು. ಅದೂ ಅವರ ಹೆಸರಿಗೇ. ಅದೇ ಅಧಿಕಾರಿಯ ಅದೇ ಸಹಿ. "ಇಂದು ಬೆಳಿಗ್ಗೆಯಿಂದ ಕೇಂದ್ರ ಕಚೇರಿಯ ಫ್ಯಾಕ್ಸ್‌ಗಳನ್ನು ಸ್ವೀಕರಿಸದೆ ಕರ್ತವ್ಯಲೋಪ ಎಸಗಿರುವ ಬಗ್ಗೆ ತಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂಬುದಕ್ಕೆ..."

ಮೆಮೊ.

ಹಾಲಿನಿಂದ ಮ್ಯಾನೇಜರ ದನಿ ಕೇಳಿತು. "ಬಂತೇನ್ರೀ?"

ಗುಮಾಸ್ತರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಬಂತು ಸಾರ್! ಒಂದು ಬಂತು!"

ಮೇಡಂ ಎದ್ದು ಆದೇಶವೊಂದನ್ನೇ ಪ್ರಿಂಟ್ ತೆಗೆದು, ಹಾಲಿನ ಕಡೆ ನಡೆದರು. ಹೋಗುವಾಗ ಬಾಗಿಲು ಅರ್ಧ ಎಳೆದುಕೊಂಡರು. ಗುಮಾಸ್ತರು ನನ್ನ ಕಿವಿಯ ಹತ್ತಿರ ಬಾಗಿದರು. ದನಿ ಬಹಳ ಮೆತ್ತಗಿತ್ತು.

"ಮಾರಾಯ್ರೇ, ನಾನ್ ಅಳಿಸಿದ್ರೆ ಅಪರಾಧ. ಯಂತ್ರ ತಾನಾಗೇ ಅಳಿಸಿದ್ರೆ ಅದು ಅದರ ಸ್ವಭಾವ, ಅಲ್ವಾ? ಮೂವತ್ತು ದಿನ ಆದ್ಮೇಲೆ ಅಳಿಸು ಅಂತ ಒಂದು ಸಾಲಿತ್ತಲ್ಲ... ಅದಕ್ಕೆ ಹಾಕಿದ ಅಡ್ಡಗೆರೆ ತೆಗೆದು, ಐದು ನಿಮಿಷ ಅಂತ ಮಾಡೋಕಾಗುತ್ತಾ?"